ಬ್ರೇಕಕ್ಕನ ಕಾಲಿಗೊಂದು ಜೋಡಿ

ಡಿಪೋಗೆ ಹೋಗುವ ಸಿಬ್ಬಂದಿ ವ್ಯಾನು ಕಣ್ಣೆದುರೇ ತಿರುವು ದಾಟಿ ಮಾಯವಾದ ದಿನ ಬ್ರೇಕಕ್ಕ ಓಡಿದಳು. ಅದಕ್ಕೆ ಮುಂಚೆ ಅವಳು ಓಡಿದ್ದು ಶಾಲೆಯಲ್ಲಿದ್ದಾಗ. ಅದೂ ಮನೆಗೆ ಬಿಡುವ ಗಂಟೆ ಹೊಡೆದ ಮೇಲೆ.

ನಲವತ್ತಾರರ ಹೆಂಗಸು, ನಗರ ಸಾರಿಗೆಯ ಬಸ್ಸು ಓಡಿಸುವವಳು. ಬಸ್ಸು ನಿಲ್ದಾಣ ಬಿಟ್ಟ ಮೇಲೂ ಯಾರಾದರೂ ಕೈಬೀಸುತ್ತ ಹಿಂದೆ ಓಡಿಬರುವುದು ಕನ್ನಡಿಯಲ್ಲಿ ಕಂಡರೆ ಸಾಕು, ಅವಳ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಕಂಡಕ್ಟರು ತಲೆ ಚಚ್ಚಿಕೊಂಡು ಇಟ್ಟ ಹೆಸರು ಅದು. ಡಿಪೋದಲ್ಲಿ ಹುಟ್ಟಿದ ಹೆಸರು ಮನೆಗೂ ಬಂತು, ಕೊನೆಗೆ ಗಂಡ ಕೂಡ ಹಾಗೇ ಕರೆಯತೊಡಗಿದ. "ಕಾಲಿಗೆ ಚಕ್ರ ಕಟ್ಕೊಂಡವಳು" ಎಂದು ಅತ್ತೆ ಅನ್ನುತ್ತಿದ್ದರು. ಅದು ನಿಜವೇ, ಆದರೆ ಚಕ್ರ ಬಸ್ಸಿನದು. ಕಾಲು ಮಾತ್ರ ದಿನವಿಡೀ ಕ್ಲಚ್ಚು, ಬ್ರೇಕು, ಆಕ್ಸಿಲರೇಟರಿನ ಆ ಮೊಳ ಜಾಗ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

ವ್ಯಾನು ತಪ್ಪಿದಾಗ ಒಂದು ಗಳಿಗೆ ರಸ್ತೆ ನೋಡುತ್ತ ನಿಂತಳು. ಆಮೇಲೆ ಕೈಚೀಲವನ್ನು ಹೆಗಲಿಗೆ ಅಡ್ಡಲಾಗಿ ಹಾಕಿಕೊಂಡು ಚಪ್ಪಲಿಯಲ್ಲೇ ಹೊರಟಳು. ಹಾಲಿನ ಅಂಗಡಿ, ಮುಚ್ಚಿದ ಬ್ಯಾಂಕು, ಪೆಟ್ರೋಲ್ ಬಂಕು, ರೈಲ್ವೆ ಸೇತುವೆ. ಸೇತುವೆಯ ಏರಿನಲ್ಲಿ ಎದೆ ಹೊತ್ತಿ ಉರಿಯಿತು. ಇಳಿಜಾರಿನಲ್ಲಿ ಏನಾಯಿತೋ, ಉಸಿರು ಸಲೀಸಾಯಿತು, ಹೆಜ್ಜೆಗಳು ತಮ್ಮಷ್ಟಕ್ಕೆ ತಾವೇ ಬಿದ್ದವು, ಗಾಳಿ ಕಿವಿಯಲ್ಲಿ ಗುಯ್ಯೆಂದಿತು. ಡಿಪೋ ಗೇಟಿನಲ್ಲಿ ಕಾವಲುಗಾರ ಗಾಬರಿಯಾಗಿ ಎದ್ದು ನಿಂತ.

"ಏನಾಯ್ತಕ್ಕ, ನಾಯಿ ಅಟ್ಟಿಸ್ಕೊಂಡು ಬಂತಾ?"

"ಇಲ್ಲಪ್ಪ. ಓಡ್ಬಂದೆ." ಅವಳು ಮೊಣಕಾಲಿಗೆ ಕೈಯೂರಿ ನಗುತ್ತಿದ್ದಳು. "ಚೆನ್ನಾಗಿತ್ತು."

ಮರುದಿನ ವ್ಯಾನು ಸರಿಯಾದ ಹೊತ್ತಿಗೆ ಬಂತು. ಅವಳು ಹತ್ತಲಿಲ್ಲ.

ಹಾಗೆ ಶುರುವಾದ ಓಟ ಒಂದು ವರ್ಷ ಟಾರು ರಸ್ತೆಯ ಮೇಲೆಯೇ ನಡೆಯಿತು. ಕಾಲಿಗೆ ಬಿಳಿ ಕ್ಯಾನ್ವಾಸಿನಂಥ ಸಾದಾ ಬೂಟು. ಮನೆಯಲ್ಲಿ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಅತ್ತೆಗೆ ಮಾತಾಡಲು ಒಂದು ವಿಷಯ ಸಿಕ್ಕಿದ್ದು ಬಿಟ್ಟರೆ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ "ಲೈನಿನಲ್ಲೇ ಇರಿ" ಎಂದು ಹೇಳಿ ನಿವೃತ್ತರಾದವರು. ಮನೆಯಲ್ಲೂ ಯಾರೂ ಲೈನು ಬಿಟ್ಟು ಹೋಗುವುದು ಅವರಿಗೆ ಸೇರುತ್ತಿರಲಿಲ್ಲ. ಎಪ್ಪತ್ತು ದಾಟಿದರೂ ಅಡುಗೆಮನೆಯಿಂದ ಕೂಗಿದರೆ ಮೂರನೇ ಮಹಡಿಗೆ ಕೇಳುವ ಗಂಟಲು. "ಬಸ್ಸು ಓಡ್ಸಿ ಸಾಲ್ದು ಅಂತ ಈಗ ನೀನೂ ಓಡ್ತೀಯಾ? ಯಾರಾದ್ರೂ ಟಿಕೆಟ್ ಕೇಳಿದ್ರೆ ಕೊಡು" ಎನ್ನುತ್ತಿದ್ದರು. ಅಂದವರೇ ಅವಳು ಬರುವ ಹೊತ್ತಿಗೆ ಬಿಸಿನೀರು ಕಾಯಿಸಿಟ್ಟಿರುತ್ತಿದ್ದರು.

ಭಾನುವಾರಗಳಂದು ಅವಳ ಬಸ್ಸಿನ ಕೊನೆಯ ನಿಲ್ದಾಣ ಊರಾಚೆಯ ಗುಡ್ಡದ ಬುಡ. ಒಂದು ಭಾನುವಾರ ಅಲ್ಲಿ ಒಬ್ಬಳು ಹತ್ತಿದಳು. ಬೆಳ್ಳಗಿನ ಕೂದಲನ್ನು ಗಂಡಸಿನಂತೆ ಮೋಟು ಕತ್ತರಿಸಿದ್ದಳು, ಮೊಣಕಾಲಿನವರೆಗೆ ಕೆಸರು, ಮೊಣಕೈ ತರಚಿತ್ತು, ಮುಖದಲ್ಲಿ ಮಾತ್ರ ಮದುವೆಮನೆಯಿಂದ ಬಂದವಳ ಕಳೆ. ಬಸ್ಸಿನ ಮೆಟ್ಟಿಲ ಮೇಲೆ ಅವಳ ಬೂಟಿನ ಹಲ್ಲುಹಲ್ಲಾದ ಅಚ್ಚು ಮೂಡಿತು. ಡ್ರೈವರ್ ಸೀಟಿನ ಹಿಂದೆಯೇ ಕೂತಳು.

"ಎಲ್ಲಿ ಬಿದ್ರಿ?" ಬ್ರೇಕಕ್ಕ ಕನ್ನಡಿಯಲ್ಲಿ ಕೇಳಿದಳು.

"ಬಿದ್ದಿಲ್ಲ, ಓಡಿದೆ. ಗುಡ್ಡ ಹತ್ತಿ, ಆ ಕಡೆ ತೊರೆ ದಾಟಿ, ಕಾಲುವೆ ದಂಡೆ ಹಿಡಿದು ಬಂದೆ." ಆಕೆ ಕೆಸರು ಕೆರೆಯುತ್ತ ಅಂದಳು. "ನೀವು ಬೆಳಿಗ್ಗೆ ಸೇತುವೆ ಮೇಲೆ ಓಡ್ತೀರಲ್ವಾ? ನೋಡಿದೀನಿ. ಒಂದ್ಸಲ ಈ ಕಡೆ ಬನ್ನಿ. ಟಾರಿನಲ್ಲಿ ಕಾಲು ಓಡುತ್ತೆ, ಇಲ್ಲಿ ತಲೆನೂ ಓಡ್ಬೇಕು. ಮಳೆಗಾಲ ಮುಗಿದ ಮೇಲೆ ಅಣೆಕಟ್ಟಿನಿಂದ ಒಂದು ದೊಡ್ಡ ಓಟ ಇಟ್ಟಿದಾರೆ, ಮೂವತ್ತು ಕಿಲೋಮೀಟರು."

ಆಕೆ ಹಳೇ ಸಿನಿಮಾ ಟಾಕೀಸಿನ ಪಕ್ಕದ ಓಟದ ಬೂಟುಗಳ ಅಂಗಡಿಯವಳು. ಇಳಿಯುವಾಗ ಅಂಗಡಿಯ ಗುರುತು ಹೇಳಿ ಹೋದಳು. ಬ್ರೇಕಕ್ಕ ಆ ಅಂಗಡಿಯ ಮುಂದೆ ದಿನಕ್ಕೆ ಹತ್ತು ಸಲ ಬಸ್ಸು ಹಾಯಿಸಿದವಳು. ಗಾಜಿನ ಹಿಂದಿನ ಬೂಟುಗಳನ್ನು, ಒಳಗೆ ಓಡಾಡುವ ಸಣಕಲು ಹುಡುಗ ಹುಡುಗಿಯರನ್ನು ಕಂಡಿದ್ದಳು. ಅದು ತನ್ನಂಥವರಿಗೆ ಅಲ್ಲ ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಓಟಕ್ಕೆ ಹೆಸರು ಮಾತ್ರ ಆ ವಾರವೇ ಕೊಟ್ಟುಬಿಟ್ಟಳು. ಕೊಟ್ಟು ಮನೆಗೆ ಬಂದವಳಿಗೆ ಊಟ ಸೇರಲಿಲ್ಲ. ಭಯಕ್ಕಲ್ಲ, ಖುಷಿಗೆ.

ಮುಂದಿನ ರಜಾದಿನ ಬಿಳಿ ಬೂಟಿನಲ್ಲೇ ಗುಡ್ಡಕ್ಕೆ ಹೋದಳು. ಹತ್ತುವುದೇನೋ ಆಯಿತು. ತುದಿಯ ಹತ್ತಿರ ಒಂದು ಬೋಳು ಬಂಡೆ, ಅದರ ಮೇಲೆ ತೆಳ್ಳಗೆ ಹಸಿರು ಪಾಚಿ. ಇಳಿಯುವಾಗ ಅಲ್ಲಿ ಕಾಲಿಟ್ಟದ್ದೇ ತಡ, ಎರಡೂ ಕಾಲು ಮುಂದಕ್ಕೆ, ಅವಳು ಹಿಂದಕ್ಕೆ. ಕೂತಭಂಗಿಯಲ್ಲೇ ಬಂಡೆಯ ಬುಡದವರೆಗೆ ಜಾರಿದಳು. ಎದ್ದು ಕುಂಟುತ್ತ ಉಳಿದ ಇಳಿಜಾರು ಇಳಿದಳು. ಹೆಜ್ಜೆಹೆಜ್ಜೆಗೂ ಬೆರಳುಗಳು ಬೂಟಿನ ಮೂತಿಗೆ ಗುದ್ದಿದವು. ಮನೆಗೆ ಬಂದು ಕಾಲುಚೀಲ ಬಿಚ್ಚಿದಾಗ ಎರಡು ಹೆಬ್ಬೆರಳ ಉಗುರೂ ನೇರಳೆ ಬಣ್ಣಕ್ಕೆ ತಿರುಗಿದ್ದವು.

ಅವಳ ಗಂಡ ಜಿಲ್ಲಾ ಆಸ್ಪತ್ರೆಯಲ್ಲಿ ನರ್ಸು. ಮಾತು ಕಡಿಮೆ, ಕೈ ಮೃದು. ಬೋಗುಣಿಯಲ್ಲಿ ಅವಳ ಪಾದ ಇಟ್ಟುಕೊಂಡು ಉಗುರು ಪರೀಕ್ಷಿಸಿದ.

"ಎರಡೂ ಹೋಗ್ತವೆ," ಅಂದ.

"ಹೊಸದು ಬರುತ್ತಾ?"

"ಬರುತ್ತೆ. ಬೂಟು ಬದಲಾಯಿಸು, ಇಲ್ಲಾಂದ್ರೆ ಅದೂ ಹೋಗುತ್ತೆ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಅಂದರು, "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ. ಬೂಟಿನ ತಪ್ಪೇನು ಬಂತು?"

"ಅಮ್ಮ, ನೆಲ ಡೊಂಕಾಗೇ ಇದೆ. ಅದು ಗುಡ್ಡ," ಅಂದ ಗಂಡ.

ಡಿಪೋಗೆ ಈ ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು. ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ಗ್ರೀಸ್ ಮಾವ ಎನ್ನುತ್ತಿದ್ದರು. ಬಸ್ಸಿನ ವಿಷಯದಲ್ಲಿ ಅವನ ಮಾತು ಕೊನೆಯ ಮಾತು. ಉಳಿದ ವಿಷಯಗಳಲ್ಲೂ ಹಾಗೇ ಇರಬೇಕು ಎಂಬುದು ಅವನ ಆಸೆ. ಅವಳ ಬಿಳಿ ಬೂಟನ್ನು ತಿರುಗಿಸಿ ಅಟ್ಟೆಯ ಮೇಲೆ ಹೆಬ್ಬೆರಳು ಉಜ್ಜಿದ.

"ಬೋಳು ಟೈರು. ಇದ್ರಲ್ಲಿ ಗುಡ್ಡ ಹತ್ತಿದೀಯಲ್ಲ, ನಿನ್ನ ಲೈಸೆನ್ಸ್ ಕಿತ್ಕೋಬೇಕು. ಟ್ರ್ಯಾಕ್ಟರ್ ನೋಡಿದೀಯಾ? ಕೆಸರಾಗ್ಲಿ, ಕಲ್ಲಾಗ್ಲಿ, ನಿಲ್ಲುತ್ತಾ ಅದು? ಎಷ್ಟು ದೊಡ್ಡ ಹಲ್ಲೋ ಅಷ್ಟು ಒಳ್ಳೇದು. ಕಣ್ಮುಚ್ಕೊಂಡು ತಗೋ."

ಅವಳು ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡಳು. ಫೋನಿನಲ್ಲಿ ಹುಡುಕಿ, ಎಲ್ಲಕ್ಕಿಂತ ಉದ್ದ ಹಲ್ಲಿನ ಜೋಡಿಯನ್ನು, ತಾನು ಮದುವೆಗೆ ಮುಂಚಿನಿಂದ ಹಾಕುತ್ತಿದ್ದ ಅಳತೆಯಲ್ಲೇ ತರಿಸಿದಳು. ಪೆಟ್ಟಿಗೆ ಬಿಚ್ಚಿದ ದಿನ ಅದನ್ನು ಮೂಸಿ ನೋಡಿದಳು. ಹೊಸ ರಬ್ಬರಿನ ವಾಸನೆಗೆ ಮೈ ಜುಮ್ಮೆಂದಿತು.

ಗುಡ್ಡದ ಬುಡದ ತೋಪಿನ ಕೆಸರಿನಲ್ಲಿ ಆ ಬೂಟು ಗ್ರೀಸ್ ಮಾವನ ಮಾತು ಉಳಿಸಿತು. ಮೊಳೆ ಹೊಡೆದ ಹಾಗೆ ಕಚ್ಚಿ ನಿಂತಿತು. ಆದರೆ ತೋಪಿಗೆ ಹೋಗುವ ಟಾರು ರಸ್ತೆಯಲ್ಲಿ ಪ್ರತಿ ಹಲ್ಲೂ ಪಾದಕ್ಕೆ ಚುಚ್ಚಿತು, ಟಕಟಕ ಶಬ್ದಕ್ಕೆ ಮುಂದೆ ಹೋಗುತ್ತಿದ್ದವರು ಕುದುರೆಯೇನೋ ಎಂದು ತಿರುಗಿ ನೋಡಿದರು. ಒದ್ದೆ ಬಂಡೆಯ ಮೇಲಂತೂ ಆ ಗಟ್ಟಿ ರಬ್ಬರು ಸಾಬೂನಿನ ಮೇಲಿಟ್ಟ ಹಾಗೆ ಜಾರಿತು. ಈ ಸಲ ಒಂದು ಪೊದೆ ಹಿಡಿದು ಬಚಾವಾದಳು. ಬೆರಳುಗಳ ನೋವು ಮೊದಲಿನಂತೆಯೇ.

"ಬಂಡೆ ಮೇಲೆ ಟ್ರ್ಯಾಕ್ಟರ್ ಹತ್ತಿಸೋರು ಯಾರು?" ಎಂದು ಗ್ರೀಸ್ ಮಾವ ಮಾತು ತಿರುಗಿಸಿದ. ಮರುದಿನ ಕ್ಯಾಂಟೀನಿನಲ್ಲಿ ಅವಳ ಎದುರು ಕೂತು, ತಟ್ಟೆ ನೋಡುತ್ತ, "ಆ ಅಂಗಡಿಗೇ ಹೋಗು ಮಾರಾಯ್ತಿ. ನನಗೆ ಗೊತ್ತಿರೋದು ಬಸ್ಸು," ಅಂದ.

ಒಬ್ಬಳೇ ಹೋಗಲು ಸಂಕೋಚವಾಗಿ ಜೊತೆಗೆ ಅತ್ತೆಯನ್ನು ಕರೆದುಕೊಂಡು ಹೋದಳು. ಅತ್ತೆ ಕರೆಯದಿದ್ದರೂ ಬರುವವರೇ. ಪಾಳಿ ಮುಗಿದ ಮೇಲೆ, ಸಂಜೆ. ಬಾಗಿಲು ತಳ್ಳಿದಾಗ ಮೇಲಿನ ಗಂಟೆ ಕಿಣಿಗುಟ್ಟಿತು, ಬೆಳ್ಳಿಕೂದಲಿನಾಕೆ ಏಣಿಯ ಮೇಲಿನಿಂದಲೇ ತಿರುಗಿ ನೋಡಿದಳು.

"ಬಂದ್ರಾ? ಒಳ್ಳೇ ಹೊತ್ತಿಗೆ ಬಂದ್ರಿ. ಬೆಳಿಗ್ಗೆ ಬಂದಿದ್ರೆ ವಾಪಸ್ ಕಳಿಸ್ತಿದ್ದೆ."

"ಯಾಕಮ್ಮ, ಬೆಳಿಗ್ಗೆ ವ್ಯಾಪಾರ ಇಲ್ವಾ?" ಅತ್ತೆ ಕೇಳಿದರು.

"ಬೆಳಿಗ್ಗೆ ಕಾಲು ಚಿಕ್ಕದಿರುತ್ತೆ. ದಿನವೆಲ್ಲ ದುಡಿದು ಸಂಜೆಗೆ ಊದಿಕೊಂಡಿರುತ್ತಲ್ಲ, ಅದೇ ಇಪ್ಪತ್ತು ಕಿಲೋಮೀಟರ್ ಓಡಿದ ಮೇಲಿನ ಕಾಲು. ಅಳತೆ ಅದಕ್ಕೆ ತಗೋಬೇಕು."

ಅಂಗಡಿ ಉದ್ದಕ್ಕೆ ರೈಲಿನ ಡಬ್ಬಿಯಂತಿತ್ತು. ಎರಡೂ ಗೋಡೆಗೆ ಬೂಟುಗಳು, ನಡುವೆ ಓಡಿ ನೋಡಲು ಜಾಗ, ಕೊನೆಯಲ್ಲಿ ಹಲಗೆಯ ಒಂದು ಇಳಿಜಾರು, ಅದರ ಪಕ್ಕ ಅಗಲವಾದ ತಟ್ಟೆಯಲ್ಲಿ ತುಂಬಿದ ದಪ್ಪ ಜಲ್ಲಿಕಲ್ಲು. ಆಕೆ ಬ್ರೇಕಕ್ಕನನ್ನು ಕೂರಿಸಲಿಲ್ಲ. ಅಳೆಯುವ ಕಬ್ಬಿಣದ ಪಟ್ಟಿಯ ಮೇಲೆ ನಿಲ್ಲಿಸಿ, ಪೂರ್ತಿ ಭಾರ ಬಿಡಲು ಹೇಳಿ, ತಾನು ನೆಲಕ್ಕೆ ಮಂಡಿಯೂರಿ ನೋಡಿದಳು. ಎಡಗಾಲು, ಬಲಗಾಲು, ಮತ್ತೆ ಎಡಗಾಲು.

"ಈಗ ಹಾಕ್ತಿರೋದು ಎಷ್ಟನೇ ನಂಬರು?"

ಬ್ರೇಕಕ್ಕ ಹೇಳಿದಳು. ಆಕೆ ತಲೆ ಎತ್ತಿದಳು.

"ಯಾರು ಹೇಳಿದ್ರು ನಿಮಗೆ ಆ ನಂಬರು?"

ಬ್ರೇಕಕ್ಕನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅಕ್ಕನ ಚಪ್ಪಲಿ ತನಗೆ ಬರುತ್ತಿತ್ತು, ಅಕ್ಕನ ಪಾದ ಚಿಕ್ಕದು. ಹೆಣ್ಣುಮಕ್ಕಳ ಕಾಲು ಹೀಗೆ ಮೊರದಷ್ಟಾಗಬಾರದು ಎಂದು ಅಮ್ಮ ಅನ್ನುತ್ತಿದ್ದಳು. ಆಮೇಲೆ ತಾನೇ ಕೊಳ್ಳುವ ಕಾಲ ಬಂದಾಗಲೂ ಅಂಗಡಿಯವನಿಗೆ ಅದೇ ನಂಬರು ಹೇಳಿದಳು. ಚಪ್ಪಲಿ ಅಂದರೆ ಸ್ವಲ್ಪ ಕಚ್ಚುವುದೇ ಎಂದುಕೊಂಡಿದ್ದಳು.

"ನಿಮ್ಮದು ಅದಕ್ಕಿಂತ ಒಂದೂವರೆ ನಂಬರು ದೊಡ್ಡದು. ಅಗಲವೂ ಜಾಸ್ತಿ. ಎಡಗಾಲು ಬಲಗಾಲಿಗಿಂತ ಒಂದು ಕೂದಲು ಉದ್ದ, ಕ್ಲಚ್ ತುಳಿದೂ ತುಳಿದೂ ಬಂದಿದ್ದೋ ಹುಟ್ಟಿದ್ದೇ ಹಾಗೋ ಗೊತ್ತಿಲ್ಲ. ಇಷ್ಟು ವರ್ಷ ಬೆರಳು ಮಡಚಿಕೊಂಡೇ ಬದುಕಿದೀರಿ."

ಬ್ರೇಕಕ್ಕ ತನ್ನ ಪಾದಗಳನ್ನೇ ನೋಡುತ್ತ ನಿಂತಳು. ಕಿವಿ ಬಿಸಿಯಾಯಿತು. ಅತ್ತೆ ಬಗ್ಗಿ, ಕನ್ನಡಕ ಮೂಗಿನ ತುದಿಗೆ ತಂದು, ಕಬ್ಬಿಣದ ಪಟ್ಟಿಯ ಗೆರೆ ನೋಡಿದರು.

"ಅದಕ್ಕೇನಂತೆ? ದೊಡ್ಡ ಮರಕ್ಕೆ ದೊಡ್ಡ ಬೇರು," ಅಂದರು. ಅಂಗಡಿಯಾಕೆಯ ಕಡೆ ತಿರುಗಿ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳಿ ಹೇಳಿ ಈ ಹುಡುಗಿ ಕಾಲನ್ನೇ ಮಡಚಿಟ್ಟಿದಾರೆ. ನೀನು ದೊಡ್ಡ ಹಾಸಿಗೇನೇ ತೆಗೆಯಮ್ಮ," ಅಂದರು.

ತನ್ನನ್ನು ಅತ್ತೆ 'ಹುಡುಗಿ' ಎಂದದ್ದು ಬ್ರೇಕಕ್ಕ ಕೇಳಿಸಿಕೊಂಡಳು.

ಅಂಗಡಿಯಾಕೆ ಗೋಡೆಯಿಂದ ಮೊದಲು ಇಳಿಸಿದ ಜೋಡಿಯ ಅಟ್ಟೆ ದಪ್ಪನೆಯ ದಿಂಬಿನಂತಿತ್ತು. ಟೈಲ್ಸ್ ನೆಲದ ಮೇಲೆ ಅದರಲ್ಲಿ ನಡೆದಾಗ ಬ್ರೇಕಕ್ಕ ಅಲ್ಲೇ ಮನಸೋತಳು. ಮೋಡ ತುಳಿದ ಹಾಗೆ. "ಇದೇ ಸಾಕು," ಅಂದಳು. "ಇನ್ನೂ ಕಲ್ಲು ತುಳಿದಿಲ್ಲ," ಅಂದಳು ಆಕೆ. ಜಲ್ಲಿಯ ತಟ್ಟೆಯ ಮೇಲೆ ಕಾಲಿಟ್ಟಾಗ ಆ ಎತ್ತರದ ಅಟ್ಟೆ ಪಕ್ಕಕ್ಕೆ ವಾಲಿತು, ಪಾದದ ಕೀಲು ತಿರುಚಿಕೊಳ್ಳುವುದರಲ್ಲಿತ್ತು. ಅತ್ತೆ ರೆಟ್ಟೆ ಹಿಡಿದರು.

ಇನ್ನೊಂದು ಹಕ್ಕಿಗರಿಯಂತೆ ಹಗುರ. ಅದರಲ್ಲಿ ನಡುವಿನ ಜಾಗದಲ್ಲಿ ಎರಡು ಸಲ ಓಡಿ ಬಂದವಳು ನಕ್ಕೇಬಿಟ್ಟಳು, ಕಾಲಲ್ಲಿ ಏನೂ ಇಲ್ಲವೇ ಇಲ್ಲ. ಆದರೆ ಜಲ್ಲಿಯ ಒಂದೊಂದು ಮೊನೆಯೂ ಅಂಗಾಲಿಗೆ ನಾಟಿತು. "ನಾಲ್ಕೈದು ಕಿಲೋಮೀಟರಿಗೆ ಸ್ವರ್ಗ, ಮೂವತ್ತಕ್ಕೆ ಶಿಕ್ಷೆ," ಅಂದಳು ಅಂಗಡಿಯಾಕೆ.

ನೀರು ಒಳಗಿಳಿಯದ ಜೋಡಿಯೊಂದನ್ನು ಅತ್ತೆಯೇ ಆರಿಸಿದರು. ತೊರೆ ದಾಟಬೇಕಲ್ಲ, ನೆಗಡಿಯಾದರೆ? ಅಂಗಡಿಯಾಕೆ ಅದನ್ನು ಅವರ ಕೈಗೆ ಕೊಟ್ಟು ಮೆತ್ತಗೆ ಕೇಳಿದಳು, "ಅಮ್ಮ, ತೊರೆ ನೀರು ಮೊಣಕಾಲಿಗೆ ಬರುತ್ತೆ. ಬೂಟಿನ ಬಾಯಿ ಎಲ್ಲಿದೆ?"

ಅತ್ತೆ ಬೂಟಿನ ಬಾಯಿ ನೋಡಿದರು, ಸೊಸೆಯ ಮೊಣಕಾಲು ನೋಡಿದರು. "ಮೇಲಿಂದ ತುಂಬುತ್ತೆ."

"ತುಂಬಿದ್ದು ಆಚೆ ಹೋಗಲ್ಲ. ಒಳಗೆ ಬರೋ ನೀರನ್ನ ತಡೆಯೋದಲ್ಲ, ಬಂದಿದ್ದನ್ನ ಬೇಗ ಆಚೆ ಕಳಿಸೋ ಬೂಟು ಬೇಕು." ಅತ್ತೆ ಅದನ್ನು ತಕ್ಷಣ ಗೂಡಿಗೆ ಸೇರಿಸಿದರು. ಅದರ ತೂಕಕ್ಕೂ ಒಂದು ಮಾತು ಅಂದರು: "ಮೂಗಿಗಿಂತ ಮೂಗುತಿ ಭಾರ."

ಹೀಗೆ ಒಂದಾದ ಮೇಲೆ ಒಂದು. ಪ್ರತಿ ಜೋಡಿಗೂ ಬ್ರೇಕಕ್ಕನ ಕಣ್ಣು ಅರಳುತ್ತಿತ್ತು, ಪ್ರತಿ ಜೋಡಿಯಲ್ಲೂ ಅಂಗಡಿಯ ಆ ತುದಿಗೆ ಓಡಿ ಈ ತುದಿಗೆ ಬರುತ್ತಿದ್ದಳು. ಸಮವಸ್ತ್ರದ ಬೆನ್ನು ಬೆವರಿನಿಂದ ಅಂಟಿಕೊಂಡಿತು. ಅಂಗಡಿಯಾಕೆಗೂ ಹುರುಪು ಬಂದು, ಏಣಿಯನ್ನು ಬದಿಗಿಡುವುದನ್ನೇ ಬಿಟ್ಟಳು. ಕೊನೆಗೆ ಹಿಂದಿನ ಕೋಣೆಗೆ ಹೋಗಿ ಒಂದು ಪೆಟ್ಟಿಗೆ ತಂದಳು. "ನಿಮ್ಮ ಅಳತೆ ಹೆಂಗಸರದ್ದರಲ್ಲಿ ಖಾಲಿಯಾಗಿದೆ. ಇದು ಗಂಡಸರದು. ಬಣ್ಣದ ಬಗ್ಗೆ ಬೈಬೇಡಿ."

ಮುಚ್ಚಳ ತೆಗೆದರೆ ಗಿಳಿಹಸಿರು, ಅದರ ಮೇಲೆ ಕಿತ್ತಳೆ ಪಟ್ಟಿ. ಅತ್ತೆ ಅಯ್ಯೋ ಎಂದು ಬಾಯಿಯ ಮೇಲೆ ಕೈಯಿಟ್ಟರು.

ಬ್ರೇಕಕ್ಕ ತೊಟ್ಟಳು. ಮೂತಿಯಲ್ಲಿ ಬೆರಳುಗಳಿಗೆ ಜಾಗವಿತ್ತು. ಅವನ್ನು ಒಳಗೇ ಹರಡಿದಳು, ಮಡಚಿದಳು, ಮತ್ತೆ ಹರಡಿದಳು. ಬೂಟಿನೊಳಗೆ ಬೆರಳು ಹರಡಬಹುದು ಎಂಬುದೇ ಅವಳಿಗೆ ಹೊಸ ಸಂಗತಿ. ಅಟ್ಟೆ ಎತ್ತರವೂ ಅಲ್ಲ, ತೀರಾ ತೆಳುವೂ ಅಲ್ಲ. ಹಲ್ಲುಗಳು ಮಧ್ಯಮ, ಕೆಸರಿಗೆ ಸಾಕಷ್ಟು, ಟಾರಿಗೆ ಹೊರೆಯಲ್ಲ. ರಬ್ಬರನ್ನು ಅಂಗಡಿಯಾಕೆ ಉಗುರಿನಿಂದ ಒತ್ತಿ ತೋರಿಸಿದಳು: ಮೆತ್ತಗಿತ್ತು, ಒದ್ದೆ ಕಲ್ಲಿಗೆ ಅಂಟುವಂಥದ್ದು. ಜಲ್ಲಿಯ ಮೇಲೆ ನಿಂತಾಗ ಕಲ್ಲಿದೆ ಎಂದು ಗೊತ್ತಾಯಿತು, ನೋವಾಗಲಿಲ್ಲ.

"ಈಗ ಇಳಿಜಾರು. ಧಡಧಡ ಇಳೀರಿ, ಮೆಲ್ಲಗೆ ಬೇಡ."

ಬ್ರೇಕಕ್ಕ ಹಲಗೆ ಹತ್ತಿ ಧಡಧಡ ಇಳಿದಳು. ಬೆರಳು ಮೂತಿಗೆ ತಾಕಲಿಲ್ಲ, ಆದರೆ ಹಿಮ್ಮಡಿ ಒಂದಿಷ್ಟು ಎದ್ದಿತು. ಅಂಗಡಿಯಾಕೆ ಲೇಸನ್ನು ಮೇಲಿನ ಕೊನೆಯ ತೂತಿನಲ್ಲಿ ಕುಣಿಕೆ ಮಾಡಿ, ಈ ಕಡೆಯದನ್ನು ಆ ಕಡೆಯ ಕುಣಿಕೆಯಲ್ಲಿ ತೂರಿಸಿ ಬಿಗಿದಳು. ಹಿಮ್ಮಡಿ ತನ್ನ ಗೂಡಿನಲ್ಲಿ ಕೂತಿತು. ಮತ್ತೆ ಹತ್ತಿ ಇಳಿದಳು, ಮತ್ತೆ, ಮತ್ತೆ. ಹಲಗೆ ದಡಬಡ ಸದ್ದು ಮಾಡಿತು. ಹೊರಗೆ ಹೋಗುತ್ತಿದ್ದವರು ಗಾಜಿನಾಚೆ ನಿಂತು ನೋಡಿದರು. ಖಾಕಿ ಸಮವಸ್ತ್ರದ ದಪ್ಪ ಹೆಂಗಸೊಬ್ಬಳು ಗಿಳಿಹಸಿರು ಬೂಟಿನಲ್ಲಿ ಮಕ್ಕಳ ಜಾರುಬಂಡೆಯಂಥದ್ದನ್ನು ಹತ್ತಿ ಇಳಿಯುತ್ತಿದ್ದಳು, ನಿಲ್ಲಿಸುವ ಲಕ್ಷಣ ಇರಲಿಲ್ಲ.

"ಕಾಲೇ ಹೇಳ್ತಿದೆ," ಅಂದಳು ಏದುಸಿರು ಬಿಡುತ್ತ. "ಇದೇ."

ಬಣ್ಣಕ್ಕೆ ಡಿಪೋದಲ್ಲಿ ಸಿಗಬೇಕಾದ ಮರ್ಯಾದೆ ಸಿಕ್ಕಿತು. ಸಿಗ್ನಲ್ಲು ಹಸಿರಾಯಿತು ಎಂದು ಕಂಡಕ್ಟರು ಶಿಳ್ಳೆ ಹೊಡೆದ. ಗ್ರೀಸ್ ಮಾವ ಬೂಟನ್ನು ಕೈಯಲ್ಲಿ ಹಿಡಿದು ಬಗ್ಗಿಸಿ, ತಿರುಚಿ, ಹಲ್ಲು ಸವರಿ, "ಆಲ್ ಸೀಸನ್ ಟೈರು," ಎಂದು ಒಪ್ಪಿಗೆ ಕೊಟ್ಟ. ಅಂಗಡಿಯಾಕೆ ಹೇಳಿದಂತೆ ಅವಳು ಅದನ್ನು ನೇರವಾಗಿ ಗುಡ್ಡಕ್ಕೆ ಒಯ್ಯಲಿಲ್ಲ. ಮೊದಲು ಮನೆಯಲ್ಲಿ ತೊಟ್ಟು ಪಾತ್ರೆ ತೊಳೆದಳು, ಆಮೇಲೆ ಮಾರ್ಕೆಟ್ಟಿಗೆ ಹೋದಳು, ಆಮೇಲೆ ಸೇತುವೆಯ ಮೇಲೆ ಓಡಿದಳು, ಆಮೇಲೆ ಕಾಲುವೆ ದಂಡೆ. ಗುಡ್ಡದ ಬಂಡೆಯ ಮೇಲೆ ಮೊದಲ ಸಲ ಇಳಿದಾಗ ಕೂಡ ಮನಸ್ಸು ಹಿಂಜರಿಯಿತು, ಬೂಟು ಹಿಂಜರಿಯಲಿಲ್ಲ. ಬುಡ ತಲುಪಿ ತಿರುಗಿ ಮೇಲೆ ನೋಡಿದಳು. ಇನ್ನೊಮ್ಮೆ ಹತ್ತಿ ಇನ್ನೊಮ್ಮೆ ಇಳಿದಳು, ಬರೀ ಖುಷಿಗೆ.

ಓಟದ ಹಿಂದಿನ ದಿನ ಸುರಿದ ಮಳೆ ಬೆಳಗಿನ ಹೊತ್ತಿಗೆ ನಿಂತಿತ್ತು. ಅಣೆಕಟ್ಟಿನ ಮೇಲೆ ಜನ, ಮಂಜು, ಮೈ ಬಿಸಿ ಮಾಡಿಕೊಳ್ಳಲು ಕುಣಿಯುವ ಕಾಲುಗಳು. ಗಂಡ ಪ್ರಥಮ ಚಿಕಿತ್ಸೆಯ ತಂಡದಲ್ಲಿದ್ದ. ಅತ್ತೆ ಗುಡ್ಡದ ಬುಡದಲ್ಲಿ, ತೋಪು ಮುಗಿಯುವಲ್ಲಿನ ನೀರಿನ ಮೇಜಿಗೆ ತಾವಾಗಿಯೇ ಹೆಸರು ಕೊಟ್ಟಿದ್ದರು. "ಕಿತ್ತಳೆ ಸುಲಿಯೋಕೆ ವಯಸ್ಸಾಗಬಾರದು ಅಂತ ಎಲ್ಲಿ ಬರೆದಿದೆ?" ಎಂದು ಸಂಘಟಕರನ್ನು ಕೇಳಿದ್ದರಂತೆ. ಆ ಮೇಜಿನ ಬಳಿ ಒಂದು ಹಗ್ಗ ಇತ್ತು. ಹೊತ್ತು ಮೀರಿ ಬಂದವರನ್ನು ಗುಡ್ಡಕ್ಕೆ ಬಿಡದೆ ಹಗ್ಗ ಎಳೆದು ವ್ಯಾನಿನಲ್ಲಿ ವಾಪಸು ಕಳಿಸುವ ನಿಯಮ.

ಸೀಟಿ ಊದಿದರು. ಅಣೆಕಟ್ಟಿನ ಟಾರಿನ ಮೇಲೆ ಎಲ್ಲರೂ ಅವಳನ್ನು ಹಿಂದೆ ಹಾಕಿದರು. ಹಾಕಲಿ ಎಂದು ಬಿಟ್ಟಳು. ಕಾಲುವೆ ದಂಡೆಯ ಜಲ್ಲಿಯಲ್ಲಿ ಒಬ್ಬಿಬ್ಬರು ಸಿಕ್ಕಿದರು. ತೋಪಿನೊಳಗೆ ಹೊಕ್ಕಾಗ ನಿಜವಾದ ಆಟ ಶುರುವಾಯಿತು. ಮಳೆಗೆ ದಾರಿಯ ಹುಡಿಮಣ್ಣು ಪಾಯಸವಾಗಿತ್ತು. ಮುಂದಿದ್ದವರು ಮರ ಹಿಡಿದು, ಒಬ್ಬರನ್ನೊಬ್ಬರು ಹಿಡಿದು, ಬಿದ್ದು ಎದ್ದು ಸಾಗುತ್ತಿದ್ದರು. ಬ್ರೇಕಕ್ಕ ಚಿಕ್ಕ ಚಿಕ್ಕ ಹೆಜ್ಜೆ ಹಾಕಿದಳು. ಹಲ್ಲು ಕಚ್ಚಿದವು, ಬಿಟ್ಟವು, ಕಚ್ಚಿದವು, ಬಿಟ್ಟವು. ಒಬ್ಬನನ್ನು ದಾಟಿದಳು. ಇಬ್ಬರನ್ನು. ಎಳೆ ಪ್ರಾಯದ ಹುಡುಗಿಯರ ಗುಂಪೊಂದನ್ನು ದಾಟುವಾಗ ಅವರಲ್ಲೊಬ್ಬಳು, "ಆಂಟಿ, ಅದ್ಯಾವ ಬೂಟು?" ಎಂದು ಕೂಗಿದಳು. "ದೊಡ್ಡದು," ಎಂದು ಕೂಗಿ ಮುಂದೆ ಹೋದಳು.

ಆದರೆ ಎಲ್ಲೋ ಜಲ್ಲಿಯಲ್ಲಿ ಬಲಬೂಟಿನೊಳಗೆ ಒಂದು ಹರಳು ಸೇರಿತ್ತು. ಹಗ್ಗದ ಭಯಕ್ಕೆ ನಿಲ್ಲದೆ ಬಂದಿದ್ದಳು. ತೋಪು ಮುಗಿಯುವ ಹೊತ್ತಿಗೆ ಅದು ಹಿಮ್ಮಡಿಯ ಕೆಳಗೆ ಕೆಂಡವಾಗಿತ್ತು. ಹಗ್ಗದ ತುದಿ ಹಿಡಿದ ಸ್ವಯಂಸೇವಕ ಗಡಿಯಾರ ನೋಡುತ್ತಿದ್ದ. ಅತ್ತೆ ದೂರದಿಂದಲೇ ಅವಳ ಹೆಜ್ಜೆ ನೋಡಿದರು.

"ಏನದು ಕುಂಟು?"

"ಏನಿಲ್ಲ ಅತ್ತೆ, ಕಲ್ಲು. ಆಮೇಲೆ ತೆಗೀತೀನಿ."

"ಕೂತ್ಕೋ."

"ಹೊತ್ತಾಗುತ್ತೆ—"

"ಲೈನಲ್ಲೇ ಇರು ಅಂದೆ. ಕೂತ್ಕೋ."

ಆ ಗಂಟಲಿಗೆ ಸ್ವಯಂಸೇವಕನೂ ಅರ್ಧ ಕೂತ. ಬ್ರೇಕಕ್ಕ ಕಲ್ಲಿನ ಮೇಲೆ ಕುಸಿದಳು. ಅತ್ತೆ ಅವಳ ಕೆಸರು ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಲೇಸು ಬಿಚ್ಚಿ, ಬೂಟು ಕೊಡವಿದರು. ಕಡಲೆ ಗಾತ್ರದ ಹರಳೊಂದು ಉದುರಿತು. ಕಾಲುಚೀಲದ ಮಡಿಕೆ ನೇರ ಮಾಡಿ, ಬೂಟು ತೊಡಿಸಿ, ಲೇಸನ್ನು ಮೇಲಿನ ತೂತಿನಲ್ಲಿ ಕುಣಿಕೆ ಮಾಡಿ, ಅಂಗಡಿಯಾಕೆ ತೋರಿಸಿದಂತೆಯೇ ಬಿಗಿದರು. ಕೈ ಎಲ್ಲೂ ತಡವರಿಸಲಿಲ್ಲ. ಆ ಸಂಜೆ ಅವರು ಅಷ್ಟು ಗಮನವಿಟ್ಟು ನೋಡಿದ್ದು ಯಾರಿಗೂ ಗೊತ್ತಿರಲಿಲ್ಲ.

"ಅಜ್ಜಿ, ಹಗ್ಗ ಎಳೀಬೇಕು," ಅಂದ ಸ್ವಯಂಸೇವಕ.

"ಎಳಿಯಪ್ಪ, ನಿನ್ನನ್ನ ಯಾರು ತಡೆದ್ರು? ಇವಳು ಆ ಕಡೆ ಹೋದ ಮೇಲೆ ಎಳಿ." ಬ್ರೇಕಕ್ಕನ ಬೆನ್ನಿಗೊಂದು ಏಟು ಬಿತ್ತು. ಬಾಯಿಗೆ ಕಿತ್ತಳೆ ತೊಳೆ ಬಿತ್ತು. "ನಡಿ."

ಅವಳು ದಾಟಿದಳು. ಹಿಂದೆ ಹಗ್ಗ ಬಿಗಿಯಾಯಿತು.

ಗುಡ್ಡ ಹತ್ತುವಾಗ ಓಡಲಿಲ್ಲ, ಯಾರೂ ಓಡುತ್ತಿರಲಿಲ್ಲ. ತೊಡೆಗೆ ಕೈಯೂರಿ ಹತ್ತಿದಳು. ತುದಿಯಲ್ಲಿ ಮಂಜು ಹರಿದು ಬಿಸಿಲು ಬಿತ್ತು. ಕೆಳಗೆ ಇಡೀ ಊರು ಕಂಡಿತು, ತಾನು ಬಸ್ಸು ಓಡಿಸುವ ರಸ್ತೆ ದಾರದಂತೆ. ಬೋಳು ಬಂಡೆ ಒದ್ದೆಯಾಗಿ ಮಿರುಗುತ್ತಿತ್ತು. ಅದರ ಮೇಲೆ ನಾಲ್ಕಾರು ಜನ ಕೂತು ತೆವಳುತ್ತ ಇಳಿಯುತ್ತಿದ್ದರು. ಅವಳು ಮಂಡಿ ಸ್ವಲ್ಪ ಬಾಗಿಸಿ, ಕೈ ಅಗಲಿಸಿ, ಅವರ ಪಕ್ಕದಲ್ಲಿ ಟಪಟಪ ಇಳಿದುಬಿಟ್ಟಳು. ಅದರ ಕೆಳಗೆ ಸಡಿಲ ಕಲ್ಲಿನ ಇಳಿಜಾರು. ಬೆರಳು ಒಮ್ಮೆಯೂ ಮೂತಿಗೆ ಗುದ್ದಲಿಲ್ಲ. ಇಳಿಯುತ್ತ ಇಳಿಯುತ್ತ ಅವಳ ಬಾಯಿಂದ ಏನೋ ಸದ್ದು ಹೊರಡುತ್ತಿತ್ತು, ಹಾಡೋ ನಗುವೋ ಅವಳಿಗೇ ತಿಳಿಯಲಿಲ್ಲ.

ತೊರೆಯ ದಡದಲ್ಲಿ ಇಬ್ಬರು ಗಂಡಸರು ಕೂತು ಬೂಟು ಕಳಚುತ್ತಿದ್ದರು. ಅವಳು ನಿಲ್ಲದೆ ನೀರಿಗಿಳಿದಳು. ತಣ್ಣನೆಯ ನೀರು ಮೊಣಕಾಲಿಗೆ ಹೊಡೆಯಿತು, ಬೂಟು ತುಂಬಿತು. ಆ ದಡ ಹತ್ತಿ ಹತ್ತು ಹದಿನೈದು ಹೆಜ್ಜೆ ಪಚಪಚ ಎಂದಿತು, ನೀರು ಬೂಟಿನ ಜಾಲರಿ ಬಟ್ಟೆಯಿಂದ ಚಿಮ್ಮಿ ಹೊರಹೋಯಿತು, ಆಮೇಲೆ ಕಾಲು ಹಗುರ. ಮುಂದಕ್ಕೆ ಮತ್ತೆ ಟಾರು ರಸ್ತೆ. ತೊಡೆಗಳು ಕಲ್ಲಾಗಿದ್ದವು, ಉಪ್ಪು ಕಣ್ಣಿಗಿಳಿದಿತ್ತು. ಆದರೂ ಒಂದು ವರ್ಷ ಸೇತುವೆ ಹತ್ತಿ ಇಳಿದ ಕಾಲಿಗೆ ಟಾರು ಹೊಸದೇನಲ್ಲ. ಅಣೆಕಟ್ಟಿನ ಕೊನೆಯ ತಿರುವಿನಲ್ಲಿ ಮುಂದೆ ಬೆಳ್ಳಗಿನ ಮೋಟು ಕೂದಲು ಕಂಡಿತು.

ಅಂಗಡಿಯಾಕೆ ಹೆಜ್ಜೆ ಸದ್ದಿಗೆ ತಿರುಗಿ ನೋಡಿದಳು. ಮೊದಲು ಕಂಡದ್ದು ಬೂಟಿನ ಬಣ್ಣವೇ ಇರಬೇಕು.

"ಅಯ್ಯೋ, ನಾನೇ ಮಾರಿದ ಬೂಟು ನನ್ನನ್ನೇ ಅಟ್ಟಿಸ್ಕೊಂಡು ಬಂತಲ್ಲ," ಅಂದಳು.

"ದಾಟಲಾ?"

"ದಾಟು ನೋಡೋಣ."

ಇಬ್ಬರು ನಡುವಯಸ್ಸಿನ ಹೆಂಗಸರು ಹಲ್ಲು ಕಚ್ಚಿ ಓಡಿದರು. ಕೊನೆಯ ಗೆರೆಯ ಬಳಿ ನಿಂತಿದ್ದವರೆಲ್ಲ ಚಪ್ಪಾಳೆ ಹೊಡೆಯತೊಡಗಿದರು. ಯಾರು ಗೆಲ್ಲುತ್ತಾರೆಂದಲ್ಲ, ಗೆದ್ದವರು ಬಂದು ಸ್ನಾನ ಮಾಡಿ ತಿಂಡಿ ತಿಂದೂ ಆಗಿತ್ತು. ಅಂಗಡಿಯಾಕೆ ಒಂದು ಗೇಣು ಮುಂದೆ ಗೆರೆ ದಾಟಿದಳು. ದಾಟಿದವಳೇ ತಿರುಗಿ ಬ್ರೇಕಕ್ಕನನ್ನು ತಬ್ಬಿಕೊಂಡಳು, ಇಬ್ಬರೂ ನೆಲಕ್ಕೆ ಕೂತರು.

ಗಂಡ ಪೆಟ್ಟಿಗೆ ಹಿಡಿದು ಬಂದು ಮೊದಲು ಅವಳ ಬೂಟು ಬಿಚ್ಚಿದ. ಕಾಲುಚೀಲ ತೆಗೆದ. ಹತ್ತೂ ಬೆರಳು ನೋಡಿದ. ಹೆಬ್ಬೆರಳುಗಳಲ್ಲಿ ಅರ್ಧಕ್ಕೆ ಬಂದಿದ್ದ ಹೊಸ ಉಗುರುಗಳು ಗುಲಾಬಿ ಬಣ್ಣಕ್ಕಿದ್ದವು.

"ಇವೆ," ಅಂದ.

ನೀರಿನ ಮೇಜು ಮುಚ್ಚಿದ ಮೇಲೆ ಅತ್ತೆ ವ್ಯಾನಿನಲ್ಲಿ ಬಂದಿಳಿದರು. ಸೊಸೆ ಕೊನೆಯವಳಾಗಿ ಬರಲಿಲ್ಲ ಎಂದು ತಿಳಿದು, ಹಿಂದೆ ಎಷ್ಟು ಜನ ಇದ್ದರು ಎಂದು ಸಂಘಟಕರನ್ನು ವಿಚಾರಿಸಿ ಖಾತ್ರಿ ಮಾಡಿಕೊಂಡರು. ಆಮೇಲೆ ಅಂಗಡಿಯಾಕೆಯ ಪಕ್ಕ ಕೂತು, ಸೀರೆಯ ಅಂಚು ಪಾದ ಕಾಣುವಷ್ಟು ಎತ್ತಿ, ದನಿ ತಗ್ಗಿಸಿ ಏನೋ ಕೇಳಿದರು. ಜನ್ಮದಲ್ಲಿ ಅವರು ದನಿ ತಗ್ಗಿಸಿದ್ದು ಬ್ರೇಕಕ್ಕ ಕಂಡಿರಲಿಲ್ಲ. ಅಂಗಡಿಯಾಕೆ ಆ ಗಂಟುಗಂಟಾದ ಹಳೇ ಪಾದವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸಂಜೆ ಬನ್ನಿ," ಅಂದಳು. "ಬೆಳಿಗ್ಗೆ ಮಾತ್ರ ಬೇಡ."

ಆ ವಾರವೇ ಅತ್ತೆ ಒಂದು ಜೋಡಿ ತಂದರು. ಕಡು ನೀಲಿ, ಮರ್ಯಾದಸ್ಥ ಬಣ್ಣ. ಈಗ ಭಾನುವಾರ ರಜೆ ಸಿಕ್ಕರೆ ಇಬ್ಬರೂ ಮೊದಲ ಬಸ್ಸು ಹಿಡಿದು ಗುಡ್ಡದ ಬುಡಕ್ಕೆ ಹೋಗುತ್ತಾರೆ. ಬ್ರೇಕಕ್ಕ ಗುಡ್ಡ ಹತ್ತಿ ಆ ಕಡೆ ಇಳಿದು ತೊರೆ ದಾಟಿ ಕಾಲುವೆ ದಂಡೆಯಿಂದ ಸುತ್ತಿ ಬರುತ್ತಾಳೆ. ಅಷ್ಟರಲ್ಲಿ ಅತ್ತೆ ತೋಪಿನೊಳಗೆ ಕಾಲುದಾರಿಯ ಕೊನೆಯವರೆಗೆ ನಡೆದು ವಾಪಸು ಬಂದಿರುತ್ತಾರೆ. ಡಿಪೋದ ಮೂವರು ಹೆಂಗಸರು ಅವರ ಜೊತೆ ಸೇರಿದ್ದಾರೆ, ಗ್ರೀಸ್ ಮಾವ ಒಮ್ಮೆ ಬಂದು ಅರ್ಧದಲ್ಲಿ ಮಂಡಿ ಹಿಡಿದು ಕೂತಿದ್ದ. ಬ್ರೇಕಕ್ಕ ಮುಂದಿನ ವರ್ಷಕ್ಕೆ ಐವತ್ತು ಕಿಲೋಮೀಟರಿನ ಓಟವೊಂದಕ್ಕೆ ಹೆಸರು ಕೊಟ್ಟಿದ್ದಾಳೆ. ಅಲ್ಲಿ ದಾರಿಯ ಅರ್ಧ ಮರಳಂತೆ. ಮರಳಿಗೆ ಎಂಥ ಬೂಟು ಬೇಕು ಎಂದು ಮನೆಯಲ್ಲಿ ಊಟದ ಹೊತ್ತಿಗೆಲ್ಲ ಚರ್ಚೆ ನಡೆಯುತ್ತಿದೆ, ಮತ್ತು ಅದರಲ್ಲಿ ಎಲ್ಲರಿಗಿಂತ ಜೋರು ದನಿ ಅತ್ತೆಯದು.